ಹಾರ್ನ್ ಸ್ಪೀಕರ್ ಇರುವವರೇ, 200 ವ್ಯಾಟ್ ಎಂದರೆ ನಂಬಬೇಡಿ

ಬೆಂಗಳೂರಿನಲ್ಲಿ ಹಾರ್ನ್ ಸ್ಪೀಕರ್‌ಗೆ, ಅಂದರೆ ಕಹಳೆಯಂಥ ಬಾಯಿ ಇರುವ ಸ್ಪೀಕರ್‌ಗೆ, ಆಂಪ್ಲಿಫೈಯರ್ (ಆಂಪ್) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನದು ಕ್ಲಿಪ್ಷ್ ಕಂಪನಿಯ ಹಳೇ ಲಾ ಸ್ಕಾಲಾ ಹಾರ್ನ್ ಸ್ಪೀಕರ್. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 104 ಡೆಸಿಬೆಲ್, ಅಂದರೆ ತುಂಬ ಕಡಿಮೆ ಪವರ್‌ಗೇ ಜೋರಾಗಿ ನುಡಿಯುತ್ತದೆ. ಅಂಗಡಿಯವರಿಗೆ ಮೊದಲೇ ಹೇಳಿದ್ದೆ, ಫೋಟೋನೂ ಕಳಿಸಿದ್ದೆ. "ಅಷ್ಟು ದೊಡ್ಡ ಹಾರ್ನ್‌ಗೆ ಪವರ್ ಜಾಸ್ತಿ ಬೇಕು ಸಾರ್, ನಾವೇ ಹಾರ್ನ್ ಜೊತೆ ಟೆಸ್ಟ್ ಮಾಡಿದ್ದೀವಿ" ಎಂದು 200 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ ಕೊಟ್ಟರು. ಡೆಮೊ ಮಾತ್ರ ಪುಟ್ಟ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ, ಎಸಿ ಓಡುತ್ತಿದ್ದ ಕೋಣೆಯಲ್ಲಿ. ಒಂದೂವರೆ ಲಕ್ಷ ಕೊಟ್ಟೆ.

ಹನುಮಂತನಗರದ ನಮ್ಮ ಮನೆಗೆ ಸ್ನೇಹಿತರನ್ನು ಕರೆದು ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡಿಂಗ್ ಹಾಕಿದೆ. ಆಲಾಪಕ್ಕೆ ಮೊದಲು ಬರೀ ತಂಬೂರಿ ಕೇಳಬೇಕು ಅಲ್ವಾ? ಅದರ ಮೇಲೆ ಸ್‌ಸ್‌ಸ್ ಅಂತ ಸದ್ದು. ಸೋಫಾದವರೆಗೂ ಕೇಳುತ್ತಿತ್ತು. "ಯಾವುದಾದರೂ ಕೇಬಲ್ ಲೂಸ್ ಇದೆಯಾ?" ಎಂದು ಒಬ್ಬರು ಕೇಳಿದರು. ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಅಂಗಡಿಗೆ ಫೋನ್ ಮಾಡಿದರೆ ಮೊದಲು "ಬರ್ನ್ ಇನ್ ಆಗ್ಲಿ ಸಾರ್", ಅಂದರೆ ಸ್ವಲ್ಪ ದಿನ ಓಡಿ ಪಳಗಲಿ ಎಂದು. ಆಮೇಲೆ "ನಿಮ್ಮ ಮನೆ ಅರ್ಥಿಂಗ್ ಸರಿ ಇಲ್ಲ". ಆಮೇಲೆ "ಪವರ್ ಕಂಡಿಷನರ್ ಹಾಕ್ಕೊಳ್ಳಿ, ನಮ್ಮಲ್ಲೇ ಇದೆ" (ಕರೆಂಟಿನ ಗಲೀಜು ಸೋಸುವ ಡಬ್ಬ). ಅರ್ಥಿಂಗ್ ತೊಂದರೆ ಇದ್ದರೆ ಗುಂಯ್ ಅನ್ನುತ್ತದೆ, ಸ್‌ಸ್ ಅನ್ನುವುದಿಲ್ಲ. ಹೊರಗಿನಿಂದ ಯಾವ ಸಿಗ್ನಲ್ಲೂ ಒಳಗೆ ಹೋಗದಂತೆ ಮಾಡುವ ಶಾರ್ಟಿಂಗ್ ಪ್ಲಗ್ ಅನ್ನು ಎಸ್.ಪಿ. ರೋಡಿನಿಂದ ತಂದು ಇನ್‌ಪುಟ್‌ಗೆ ಹಾಕಿದೆ, ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಸದ್ದು ಹಾಗೇ ಇತ್ತು. ಅಂದರೆ ಅದು ಆಂಪಿನ ಒಳಗಿನದೇ. ಇದನ್ನು ಹೇಳಿದರೆ, "ಹಾಡು ಶುರುವಾದ್ಮೇಲೆ ಅದೆಲ್ಲ ಕೇಳಲ್ಲ ಬಿಡಿ ಸಾರ್."

ಕೇಳಲ್ಲವಂತೆ! ಅವರ ಕಾಗದದಲ್ಲಿ ಸಿಗ್ನಲ್ ಟು ನಾಯ್ಸ್, ಅಂದರೆ ಹಾಡಿಗಿಂತ ಆಂಪಿನ ಸದ್ದು ಎಷ್ಟು ಕೆಳಗಿದೆ ಎಂಬ ಲೆಕ್ಕ, 95 ಡೆಸಿಬೆಲ್ ಎಂದಿದೆ. ಅದು ಪೂರ್ತಿ 200 ವ್ಯಾಟಿನ ಲೆಕ್ಕ. ಒಂದು ವ್ಯಾಟಿಗೆ ಇಳಿಸಿದರೆ 23 ಕಡಿಮೆಯಾಗಿ 72 ಅಷ್ಟೇ. ನನ್ನ ಸ್ಪೀಕರಿನ 104ರಲ್ಲಿ 72 ಕಳೆಯಿರಿ, ಸದ್ದು 32 ಡೆಸಿಬೆಲ್. ರಾತ್ರಿ ಕೇಳೇ ಕೇಳುತ್ತದೆ. ಅವರ ಬುಕ್‌ಶೆಲ್ಫ್ ಸ್ಪೀಕರ್ ಒಂದು ವ್ಯಾಟಿಗೆ 86 ಡೆಸಿಬೆಲ್‌ನದ್ದು, ಅದರಲ್ಲಿ ಸದ್ದು ಬರೀ 14. ಡೆಮೊದಲ್ಲಿ ಯಾಕೆ ಗೊತ್ತಾಗಲಿಲ್ಲ ಎಂದು ಈಗ ತಿಳಿಯಿತು.

ಕೊನೆಗೂ ಅವರ ಟೆಕ್ನಿಷಿಯನ್ ಬಂದ. ಹಾರ್ನ್ ಹತ್ತಿರ ಕಿವಿ ಇಟ್ಟು ಮೆಲ್ಲಗೆ ಹೇಳಿದ: "ಹಾರ್ನ್‌ಗೆ ಇದು ಬೇಡ ಅಂತ ನಾನು ಆಗ್ಲೇ ಅಂಗಡೀಲಿ ಹೇಳಿದ್ದೆ ಸಾರ್." ಆಗ ಮೈಯೆಲ್ಲಾ ಉರಿಯಿತು. ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ಮಾರಿದ್ದರು. ಮಾಲೀಕರಿಗೆ ಅದನ್ನೇ ಹೇಳಿದರೆ, "ಅವನಿಗೇನು ಗೊತ್ತು? ಬಿಲ್ ಓದಿ, ಮಾರಿದ ಮಾಲು ವಾಪಸ್ ಇಲ್ಲ." ಬೇಕಾದರೆ ಅರ್ಧ ಬೆಲೆಗೆ ಎಕ್ಸ್‌ಚೇಂಜ್ ಅಂತೆ.

ಇಂಥ ಸ್ಪೀಕರಿಗೆ ಮನೆಯಲ್ಲಿ ಒಂದು ವ್ಯಾಟ್ ದಾಟುವುದೇ ಅಪರೂಪ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಬಳಸುವ ಆಂಪ್‌ಗಳಿವೆ. ಚಾನೆಲ್‌ಗೆ ಒಂದೇ 300ಬಿ ವಾಲ್ವಿನ ಸಿಂಗಲ್ ಎಂಡೆಡ್ ಆಂಪ್ ಕೊಡುವುದು ಸುಮಾರು 8 ವ್ಯಾಟ್, 2ಎ3 ವಾಲ್ವಿನದು ಮೂರೂವರೆ. ಅಷ್ಟು ಸಾಕು. ಆದರೆ ವಾಲ್ವ್ ಆಂಪಿನಲ್ಲಿ ಗುಂಯ್ ಅನ್ನುವ ಹಮ್ ಬರಬಹುದು, ಅದನ್ನೂ ಕೇಳಿ ನೋಡಿ. ಟ್ರಾನ್ಸಿಸ್ಟರೇ ಬೇಕಿದ್ದರೆ ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) ಕಡಿಮೆ ಇರುವುದು, ಒಂದು ವ್ಯಾಟಿನಲ್ಲಿ ನಾಯ್ಸ್ ಎಷ್ಟು ಎಂದು ಬರೆದು ಕೊಡುವುದು ನೋಡಿ. ನಿಮ್ಮ ಸ್ಪೀಕರಿಗೇ ಹಾಕಿಸಿ, ಎಸಿ, ಫ್ಯಾನ್ ಆಫ್ ಮಾಡಿಸಿ, ಹಾಡು ಹಾಕದೆ ಹಾರ್ನ್ ಬಾಯಿಗೆ ಕಿವಿ ಕೊಡಿ. ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಮನೆಯಲ್ಲಿ ಹೊಂದದಿದ್ದರೆ ದುಡ್ಡು ವಾಪಸ್ ಎಂದು ಬಿಲ್ ಮೇಲೇ ಬರೆಸಿಕೊಳ್ಳಿ. ನಾನಂತೂ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಬಿಡುವುದಿಲ್ಲ.