ಹೆಲಿಕಾಪ್ಟರ್ ಪಕ್ಕದ ಫೋಟೊ ಮತ್ತು 44,799 ರೂಪಾಯಿ

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಪ್ರತಿ ವರ್ಷ ನೀರು ತುಂಬುವ ಹಬ್ಬದ ಸಂಜೆ ಒಂದು ಹಣತೆಯ ಚಿತ್ರ ಹಾಕಿ, ಎರಡು ಸಾಲು ಬರೆದು ಮುಗಿಸುತ್ತಿದ್ದೆ. ಈ ಸಲ ಉದ್ದ ಬರೆಯಬೇಕಾಗಿದೆ. ಏಕೆಂದರೆ ದಸರೆಗೆ ಕಳುಹಿಸಿದ ಶುಭಾಶಯದಲ್ಲಿ ಒಂದು ಸುಳ್ಳು ಸೇರಿಕೊಂಡಿತ್ತು.

ಆ ಶುಭಾಶಯದ ಜೊತೆಗಿದ್ದ ಫೋಟೊ ನಿಮಗೆ ನೆನಪಿರಬೇಕು. ಉತ್ತರಾಖಂಡದ ಫಾಟಾದ ಹೆಲಿಪ್ಯಾಡ್, ಬೇಲಿಯಾಚೆ ಹೆಲಿಕಾಪ್ಟರ್, ಈಚೆ ಸ್ವೆಟರ್ ಹಾಕಿಕೊಂಡು ಹಲ್ಲು ಬಿಟ್ಟು ನಿಂತ ನಾನು ಮತ್ತು ನನ್ನ ನಾದಿನಿ. ಕೆಳಗೆ ‘ಕೇದಾರನಾಥನ ಸನ್ನಿಧಿಗೆ ಹೊರಟೆವು, ಎಲ್ಲರಿಗೂ ವಿಜಯದಶಮಿಯ ಶುಭಾಶಯಗಳು’ ಎಂದು ಬರೆದಿದ್ದೆ. ಕಳುಹಿಸಿದ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಹತ್ತು ನಿಮಿಷದ ನಂತರ ಕೌಂಟರಿನ ಹುಡುಗ ನಮ್ಮ ನಾಲ್ಕು ಟಿಕೆಟ್‌ಗಳನ್ನು ನೋಡಿ, ಯಂತ್ರಕ್ಕೆ ಹಿಡಿದು, ಮತ್ತೊಮ್ಮೆ ಹಿಡಿದು, ‘ಮಾತಾಜಿ, ಇದು ನಮ್ಮದಲ್ಲ’ ಎಂದ. ದಿನಕ್ಕೆ ಎಷ್ಟು ಜನರಿಗೆ ಆ ಮಾತು ಹೇಳುತ್ತಾನೋ, ಅವನ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಉತ್ತರದ ಮುಂದೆ ಚದರ ಸೆಂಟಿಮೀಟರ್ ಎಂದು ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. ಅಂಥವಳು ಮೋಸ ಹೋದದ್ದು ಹೇಗೆಂದು ಬಿಡಿಸಿ ಹೇಳುತ್ತೇನೆ. ನನ್ನ ವಯಸ್ಸಿನವರೆಲ್ಲ ಸಾಲುಸಾಲಾಗಿ ಕೇದಾರಕ್ಕೆ ಹೊರಟಿದ್ದಾರೆ, ಅವರಿಗೂ ಇದೇ ಬಲೆ ಕಾದಿದೆ.

ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ಏರು ದಾರಿ. ದೇವಸ್ಥಾನ ಇರುವುದು ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ. ನಮ್ಮವರ ಮಂಡಿಗೆ ಮನೆಯ ಮಹಡಿಯ ಮೆಟ್ಟಿಲೇ ಹಿಮಾಲಯ. ಹಾಗಾಗಿ ಹೆಲಿಕಾಪ್ಟರ್ ಎಂದು ತೀರ್ಮಾನವಾಯಿತು. ಗುಪ್ತಕಾಶಿ, ಫಾಟಾ, ಸಿರ್ಸಿ, ಈ ಮೂರು ಕಡೆಯಿಂದ ಹೆಲಿಕಾಪ್ಟರ್ ಹಾರುತ್ತದೆ. (ನಮ್ಮ ಮಾರಿಕಾಂಬೆಯ ಶಿರಸಿ ಅಲ್ಲ. ನಮ್ಮವರು ಎರಡು ದಿನ ಹಾಗೆಯೇ ತಿಳಿದುಕೊಂಡಿದ್ದರು.) ಟಿಕೆಟ್ ಮಾರುವ ಅಧಿಕಾರ ಇರುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣಕ್ಕೆ ಮಾತ್ರ. ಅದೂ ಮೊದಲೇ ಪ್ರಕಟಿಸಿದ ದಿನ ಬಾಗಿಲು ತೆರೆಯುತ್ತದೆ, ನೋಡನೋಡುತ್ತಿದ್ದಂತೆ ಸೀಟುಗಳು ಮುಗಿಯುತ್ತವೆ. ನಮಗೂ ಹಾಗೆಯೇ ಆಯಿತು. ಸೀಟು ಸಿಗಲಿಲ್ಲ.

ಆ ರಾತ್ರಿ ಸುಮ್ಮನೆ ಮಲಗಿದ್ದರೆ ಆಗುತ್ತಿತ್ತು. ಮೊಬೈಲಿನಲ್ಲಿ ‘ಕೇದಾರನಾಥ ಹೆಲಿಕಾಪ್ಟರ್’ ಎಂದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ತಾಣದಲ್ಲಿ ದೇವಸ್ಥಾನದ ಚಿತ್ರ, ಸರ್ಕಾರದ ಲಾಂಛನ, ಎಲ್ಲವೂ ಇತ್ತು. ನನಗೆ ಬೇಕಾದ ದಿನ, ಬೇಕಾದ ಹೊತ್ತಿನಲ್ಲಿ ನಾಲ್ಕು ಸೀಟುಗಳೂ ಇದ್ದವು! ಮೇಲೆ ಬಂದದ್ದು ಹಣ ಕೊಟ್ಟು ಹಾಕಿಸಿದ ಜಾಹೀರಾತು ಎಂದು ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನನ್ನ ಓದುವ ಕನ್ನಡಕ ಅಡುಗೆಮನೆಯಲ್ಲಿತ್ತು.

ಹೆಸರು ಮತ್ತು ಫೋನ್ ಸಂಖ್ಯೆ ತುಂಬಿದ ಐದೇ ನಿಮಿಷಕ್ಕೆ ವಾಟ್ಸ್ಆ್ಯಪ್‌ನಲ್ಲಿ ಒಬ್ಬ ಮಾತಿಗೆ ಬಂದ. ಎಂಥ ವಿನಯ! ಮಾತಿಗೊಮ್ಮೆ ಮಾತಾಜಿ, ಕೊನೆಗೊಮ್ಮೆ ಜೈ ಕೇದಾರ್. ತಲೆಗೆ 7,500ರಂತೆ ನಾಲ್ವರಿಗೆ 30,000 ಎಂದ. ಕಳುಹಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವುದೋ ಬಟ್ಟೆ ಅಂಗಡಿಯ ಹೆಸರು ಬಂತು. ಕೇಳಿದೆ. ನಾನೇನೂ ಕಣ್ಣು ಮುಚ್ಚಿ ಹಣ ಹಾಕಿದವಳಲ್ಲ. ‘ಅದು ನಮ್ಮ ಲೆಕ್ಕಪತ್ರ ನೋಡುವವರ ಖಾತೆ ಮಾತಾಜಿ, ಇನ್ನು ಎರಡೇ ಸೀಟು ಉಳಿಯಿತು ನೋಡಿ’ ಎಂದ. ಆ ಮಾತಿನ ಎರಡನೆಯ ಅರ್ಧ ನನ್ನ ಪ್ರಶ್ನೆಯನ್ನು ನುಂಗಿಬಿಟ್ಟಿತು. ಮರುದಿನ ವಿಮೆಯ ಹೆಸರಿನಲ್ಲಿ ತಲೆಗೆ 1,200ರಂತೆ ಇನ್ನೂ 4,800 ಹೋಯಿತು. ಟಿಕೆಟ್‌ಗಳು ಬಂದವು. ಚೆನ್ನಾಗಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟುಕೊಂಡೆ.

ಈಗ ಯೋಚಿಸಿದರೆ ಗುರುತುಗಳು ಎಷ್ಟೊಂದಿದ್ದವು. ಚಾರ್ ಧಾಮ್ ಯಾತ್ರೆಗೆ ಉತ್ತರಾಖಂಡ ಸರ್ಕಾರದಲ್ಲಿ ಮೊದಲು ನೋಂದಣಿ ಮಾಡಿಸಬೇಕು. ಆ ನೋಂದಣಿ ಇಲ್ಲದೆ ಅಸಲಿ ತಾಣದಲ್ಲಿ ಟಿಕೆಟ್ ಸಿಗುವುದಿಲ್ಲ. ಈ ಮಹಾಶಯ ಅದರ ಮಾತನ್ನೇ ಎತ್ತಲಿಲ್ಲ. ಹೆಲಿಕಾಪ್ಟರ್ ಹತ್ತಿಸುವ ಮುನ್ನ ಪ್ರತಿಯೊಬ್ಬರನ್ನೂ ತೂಗುತ್ತಾರೆ, ಸಾಮಾನಿಗೂ ಕಟ್ಟುನಿಟ್ಟಿನ ಮಿತಿ ಇದೆ. ಅವನು ಯಾರ ತೂಕವನ್ನೂ ಕೇಳಲಿಲ್ಲ. ನಾದಿನಿಯ ಗಂಡನ ತೂಕ ನೋಡಿದವರು ಕೇಳದೆ ಇರುವುದು ಸಾಧ್ಯವಿಲ್ಲ.

ಜಾಲತಾಣದ ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕೆಂದು ನನಗೆ ಕಲಿಸಿದ್ದು, ಎಲ್ಲ ಮುಗಿದ ಮೇಲೆ, ಬ್ಯಾಂಕಿನಲ್ಲಿರುವ ನನ್ನ ತಂಗಿಯ ಮಗ. ಅಸಲಿ ವಿಳಾಸ ‘ಹೆಲಿಯಾತ್ರಾ ಡಾಟ್ ಐಆರ್‌ಸಿಟಿಸಿ ಡಾಟ್ ಕೋ ಡಾಟ್ ಇನ್’. ಬಾಲದ ಕೋ ಡಾಟ್ ಇನ್ ಬಿಟ್ಟರೆ ಅದಕ್ಕೆ ತಾಗಿಕೊಂಡಿರುವ ಹೆಸರೇ ಮನೆಯ ಯಜಮಾನ. ಅದರ ಎಡಕ್ಕೆ ಆ ಯಜಮಾನ ತನಗೆ ಬೇಕಾದದ್ದನ್ನು ಬರೆದುಕೊಳ್ಳಬಹುದು. ನಾನು ನೋಡಿದ ವಿಳಾಸದಲ್ಲಿ ಹೆಲಿಯಾತ್ರಾ, ಕೇದಾರ, ಬುಕಿಂಗ್ ಎಂಬ ಮಾತುಗಳನ್ನು ಅಡ್ಡಗೆರೆ ಹಾಕಿ ಪೋಣಿಸಿದ್ದರು. ಐಆರ್‌ಸಿಟಿಸಿ ಎಲ್ಲೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಫಾಟಾದಲ್ಲಿ ನಿಂತು ಆ ಸಂಖ್ಯೆಗೆ ಫೋನ್ ಮಾಡಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದ! ‘ತಾಂತ್ರಿಕ ದೋಷ ಮಾತಾಜಿ, ಪೂರ್ತಿ ಹಣ ಈಗಲೇ ವಾಪಸ್’ ಎಂದು ಇನ್ನೊಂದು ಕ್ಯೂಆರ್ ಕೋಡ್ ಕಳುಹಿಸಿದ. ಸ್ಕ್ಯಾನ್ ಮಾಡಿ, 9,999 ಎಂದು ಒತ್ತಿ, ಪಿನ್ ಹಾಕಿದರೆ ಎಲ್ಲವೂ ಒಟ್ಟಿಗೆ ಮರಳುತ್ತದಂತೆ. ಚಳಿಗೆ ಬೆರಳು ಮರಗಟ್ಟಿತ್ತು, ಹಿಂದೆ ನಮ್ಮವರು ‘ಆಯಿತೇನೇ?’ ಎಂದು ಕೇಳುತ್ತಿದ್ದರು, ಪಿನ್ ಹಾಕಿದೆ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ, ಪಿನ್ ಹಾಕುವುದು ಕೊಡುವಾಗ. ಇದನ್ನು ನಾನೇ ನಮ್ಮ ಮನೆ ಕೆಲಸದವಳಿಗೆ ಎರಡು ಸಲ ಹೇಳಿಕೊಟ್ಟಿದ್ದೇನೆ. 30,000ಕ್ಕೆ 4,800 ಕೂಡಿಸಿ, ಅದಕ್ಕೆ 9,999 ಸೇರಿಸಿ. ಶೀರ್ಷಿಕೆಯ ಮೊತ್ತ ಬರುತ್ತದೆ.

ನನ್ನ ನಿಜವಾದ ತಪ್ಪು ಇದರ ನಂತರದ್ದು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಆ 9,999 ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಸಾಧ್ಯತೆ ಇತ್ತು. ಮೊದಲ ಒಂದೆರಡು ಗಂಟೆಯೇ ಇದರಲ್ಲಿ ಜೀವಾಳ. ಸಂಖ್ಯೆ ನನಗೆ ಗೊತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕುಟುಂಬದ ಗುಂಪಿನಲ್ಲಿ ನನ್ನ ಫೋಟೊಗೆ ಕೈಮುಗಿದ ಚಿತ್ರಗಳು ಸುರಿಯುತ್ತಿದ್ದವು. ‘ಪುಣ್ಯವಂತರು ದೊಡ್ಡಮ್ಮ’ ಎಂದು ಒಬ್ಬಳು, ‘ನಮ್ಮ ಹೆಸರಲ್ಲೂ ಒಂದು ಪೂಜೆ ಮಾಡಿಸಿ ಅತ್ತೆ’ ಎಂದು ಇನ್ನೊಬ್ಬಳು. ಊರಿನವರಿಗೆ ಏನೂ ಹೇಳಬೇಡಿ ಎಂದು ಉಳಿದ ಮೂವರ ಬಾಯಿಗೂ ಬೀಗ ಹಾಕಿದೆ. ನಾಲ್ಕು ದಿನ ಸುಮ್ಮನಿದ್ದೆ. ಹಣಕ್ಕಿಂತ ಮರ್ಯಾದೆ ದೊಡ್ಡದೆಂದು ಅನಿಸಿದ ಆ ನಾಲ್ಕು ದಿನಗಳನ್ನು ಆ ಮನುಷ್ಯ ಚೆನ್ನಾಗಿ ಬಳಸಿಕೊಂಡ. ಈಗ ದೂರು ದಾಖಲಾಗಿದೆ. ಯಾವುದೋ ಒಂದು ಖಾತೆಯಲ್ಲಿ 1,140 ರೂಪಾಯಿ ತಡೆಹಿಡಿಯಲಾಗಿದೆ ಎಂದು ತಿಳಿದುಬಂದಿದೆ.

ನಾದಿನಿ ಮತ್ತು ಅವಳ ಗಂಡ ಗೌರೀಕುಂಡದಿಂದ ಹೇಸರಗತ್ತೆಯ ಮೇಲೆ ಹೋಗಿ ದರ್ಶನ ಮಾಡಿ ಬಂದರು. ನಮ್ಮವರನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ನಾವಿಬ್ಬರೂ ಗುಪ್ತಕಾಶಿಯಿಂದ ಮಂದಾಕಿನಿಯ ಆಚೆ ದಡದ ಊಖೀಮಠಕ್ಕೆ ಹೋದೆವು. ಚಳಿಗಾಲದಲ್ಲಿ ಕೇದಾರದ ಬಾಗಿಲು ಹಾಕಿದ ಮೇಲೆ ಉತ್ಸವಮೂರ್ತಿ ಇಳಿದುಬಂದು ಆರು ತಿಂಗಳು ಪೂಜೆ ಪಡೆಯುವುದು ಅಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವೂ ಅಲ್ಲಿಯೇ ಇದೆ. ಕೇದಾರದ ಧಾರ್ಮಿಕ ಮುಖ್ಯಸ್ಥರಾದ ರಾವಲರು ಮತ್ತು ಪೂಜೆ ಮಾಡುವ ಅರ್ಚಕರು ನಮ್ಮ ಕರ್ನಾಟಕದ ಕಡೆಯಿಂದ ಹೋಗುವ ಪದ್ಧತಿ ಇದೆ ಎಂದು ಓದಿದ್ದೆ. ಆದರೂ ಆ ಮರಗೆತ್ತನೆಯ ಬಾಗಿಲಿನ ಬಳಿ ಒಬ್ಬರು ‘ಯಾವ ಊರಮ್ಮಾ?’ ಎಂದು ಕನ್ನಡದಲ್ಲಿ ಕೇಳಿದಾಗ ನಾನು ಅತ್ತುಬಿಟ್ಟೆ. ಭಕ್ತಿ ಉಕ್ಕಿತೆಂದು ಅವರು ತಿಳಿದುಕೊಂಡಿರಬೇಕು. ಪ್ರಸಾದ ಒಂದು ಹಿಡಿ ಜಾಸ್ತಿ ಕೊಟ್ಟರು.

ಊರಿಗೆ ಬಂದ ಮೇಲೆ ಅಣ್ಣನ ಮೊಮ್ಮಗಳು ‘ಅಲ್ಲಿ ಹಿಮ ಇತ್ತಾ ಅಜ್ಜಿ?’ ಎಂದು ಕೇಳಿದಳು. ‘ತುಂಬಾ ಚಳಿ ಇತ್ತು ಪುಟ್ಟಿ’ ಎಂದೆ. ಇದು ಸುಳ್ಳಲ್ಲ, ಪ್ರಶ್ನೆಗೆ ಉತ್ತರವೂ ಅಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಅದೇ ರಾತ್ರಿ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. ‘ಯಾವ ದಿನ, ಎಷ್ಟು ಗಂಟೆಗೆ ಕಟ್ಟಿದಿರಿ ದೊಡ್ಡಮ್ಮ?’ ಎಂದಷ್ಟೇ ಕೇಳಿದ.

ಮುಂದಿನ ವರ್ಷ ಮತ್ತೆ ಹೊರಡುತ್ತೇವೆ. ಸೀಟು ಸಿಗದಿದ್ದರೆ ಗೌರೀಕುಂಡದಿಂದ ನಮ್ಮವರಿಗೆ ನಾಲ್ವರು ಹೊರುವ ಡೋಲಿ, ಅಲ್ಲಿನ ಮುಂಗಡ ಪಾವತಿ ಕೌಂಟರಿನಲ್ಲೇ ಚೀಟಿ ಮಾಡಿಸಿ. ಆ ಫೋಟೊವನ್ನು ಅಳಿಸುವುದಿಲ್ಲ, ಸ್ವೆಟರ್ ಚೆನ್ನಾಗಿ ಕಾಣುತ್ತಿದೆ. ಅದರ ಕೆಳಗೆ ‘ಪುಣ್ಯವಂತರು’ ಎಂದು ಬರೆದ ಇಪ್ಪತ್ತಮೂರು ಜನ ಮಾತ್ರ ದಯವಿಟ್ಟು ನಿಮ್ಮ ಮಾತನ್ನು ಒಂದು ವರ್ಷದ ಮಟ್ಟಿಗೆ ವಾಪಸ್ ತೆಗೆದುಕೊಳ್ಳಿ.