ಪೆಡಲ್ ಗಟ್ಟಿಯಾಯಿತು, ಕಾರು ನಿಲ್ಲಲಿಲ್ಲ: ಕಿಟ್ ಕಾರು ಕಟ್ಟುವವರಿಗೆ ಒಂದು ಎಚ್ಚರಿಕೆ

ಲೋಟಸ್ ಸೆವೆನ್ ಮಾದರಿಯ ಹಗುರ ಕಾರಿಗೆ ಹಳೆಯ ಫೋರ್ಡ್ ಸಿಯೆರಾದ ಬ್ರೇಕ್ ಸಾಮಾನು ಕೂರಿಸುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಬಿಡಿಭಾಗ ಜೋಡಿಸಿ ಕಟ್ಟಿದ ಇಂಥ ಕಿಟ್ ಕಾರೊಂದು ಒಣ ನೆಲದಲ್ಲಿ, ನೇರ ದಾರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದೊಡನೆ ಗಿರ್ರನೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಹಳೆಯ ರನ್‌ವೇ ಆದ್ದರಿಂದ ಯಾರಿಗೂ ಏಟಾಗಲಿಲ್ಲ. ಬಿಚ್ಚಿ ನೋಡಿದಾಗ ಸಿಕ್ಕಿದ್ದು ಒಂದು ತಪ್ಪಲ್ಲ, ನಾಲ್ಕು. ಒಂದನ್ನು ಮುಚ್ಚಲು ಇನ್ನೊಂದು.

ಶುರುವಾದದ್ದು ಮೆತ್ತನೆಯ ಪೆಡಲಿನಿಂದ. ಒಂದು ಲೀಟರ್ ಬ್ರೇಕ್ ಆಯಿಲ್ ಖಾಲಿ ಮಾಡಿ ಏರ್ ತೆಗೆದರೂ ಪೆಡಲ್ ಸ್ಪಂಜಿನಂತೆಯೇ ಒಳಗೆ ಹೋಗುತ್ತಿತ್ತು. ಕಾರಣ ಕಣ್ಣೆದುರಿಗೇ ಇತ್ತು: ಮುಂದಿನ ಎಡ–ಬಲ ಕ್ಯಾಲಿಪರ್‌ಗಳು (ಚಕ್ರದ ಡಿಸ್ಕ್‌ಗೆ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಅದಲುಬದಲಾಗಿದ್ದವು. ಬೋಲ್ಟ್ ಸರಿಯಾಗಿ ಕೂರುತ್ತದೆ, ಪ್ಯಾಡ್ ಕೂರುತ್ತದೆ, ಆದರೆ ಏರ್ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ಆಯಿಲ್ ಕೆಳಗಿನಿಂದ ಹೊರಗೆ ಬರುತ್ತದೆ. ಎಷ್ಟು ಪಂಪ್ ಮಾಡಿದರೂ ಆ ಗುಳ್ಳೆ ಜಾಗ ಬಿಡುವುದಿಲ್ಲ. ನಿಪ್ಪಲ್ ಯಾವಾಗಲೂ ಕ್ಯಾಲಿಪರ್‌ನ ಅತಿ ಎತ್ತರದ ಜಾಗದಲ್ಲಿರಬೇಕು. ಚಕ್ರವನ್ನೂ ಕ್ಯಾಲಿಪರನ್ನೂ ಹೊರುವ ಅಪ್‌ರೈಟ್‌ನ ಆಕಾರದಿಂದಾಗಿ ಹಾಗೆ ಕೂರಿಸಲು ಆಗದಿದ್ದರೆ ಕ್ಯಾಲಿಪರ್ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕ್‌ನಷ್ಟೇ ದಪ್ಪದ ಮರದ ತುಂಡಿಟ್ಟು, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಏರ್ ತೆಗೆಯಿರಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಎರಡು ಮಾಸ್ಟರ್ ಸಿಲಿಂಡರ್ (ಮುಂದಕ್ಕೊಂದು, ಹಿಂದಕ್ಕೊಂದು), ನಡುವೆ ಪೆಡಲಿನ ಬಲವನ್ನು ಅವೆರಡಕ್ಕೂ ಹಂಚುವ ಸರಳು, ಅಂದರೆ ಬ್ಯಾಲೆನ್ಸ್ ಬಾರ್, ಇರುವ ಕಾರಿನಲ್ಲಿ ಮುಂದಿನ ಒಂದು, ಹಿಂದಿನ ಒಂದು ನಿಪ್ಪಲ್ ಒಟ್ಟಿಗೇ ತೆರೆಯಬೇಕು. ಒಂದನ್ನೇ ತೆರೆದರೆ ಬಾರ್ ಆ ಕಡೆಗೆ ವಾಲುತ್ತದೆ, ಸಿಲಿಂಡರ್‌ಗೆ ಪೂರ್ತಿ ಸ್ಟ್ರೋಕ್ ಸಿಗುವುದಿಲ್ಲ.

ಪೆಡಲ್ ಮೆತ್ತಗಿರಲು ಗಾಳಿಯೊಂದೇ ಕಾರಣವೂ ಅಲ್ಲ. ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಲಿ, ಇನ್ನೊಬ್ಬರು ಮಾಸ್ಟರ್ ಸಿಲಿಂಡರ್‌ನ ಮೂತಿಯ ಪಕ್ಕದಲ್ಲಿ ಸ್ಕೇಲ್ ಹಿಡಿಯಲಿ. ತೆಳು ತಗಡಿನ ಗೋಡೆಗೆ ಕೂರಿಸಿದ ಸಿಲಿಂಡರ್ 2 ಮಿ.ಮೀ. ಮುಂದಕ್ಕೆ ಬಾಗಿದರೂ, 5:1 ಪೆಡಲಿನಲ್ಲಿ (ಪಾದದ ಬಲವನ್ನು ಐದು ಪಟ್ಟು ಮಾಡುವ ಸನ್ನೆ) ಪಾದಕ್ಕೆ ಅದು 10 ಮಿ.ಮೀ. ಆಗಿ ತಾಕುತ್ತದೆ. ಅಲ್ಲಿ ಬೇಕಾದದ್ದು ಗಟ್ಟಿ ಪ್ಲೇಟ್.

ಎರಡನೆಯ ತಪ್ಪು: ಈ ಕಾರಿನಲ್ಲಿ ಇದ್ಯಾವುದನ್ನೂ ನೋಡದೆ, 0.625 ಇಂಚು ಒಳವ್ಯಾಸದ ಎರಡು ಸಿಲಿಂಡರ್ ತೆಗೆದು 0.75 ಇಂಚಿನವನ್ನು ಹಾಕಲಾಯಿತು. ಪೆಡಲ್ ಕಲ್ಲಿನಂತಾಯಿತು, ಎಲ್ಲರಿಗೂ ಖುಷಿ. ಲೆಕ್ಕ ನೋಡಿ: ಪಾದದಿಂದ 300 ನ್ಯೂಟನ್, ಅಂದರೆ ಸುಮಾರು 30 ಕೆ.ಜಿ. ಭಾರ. 5:1 ಪೆಡಲಿನಲ್ಲಿ ಅದು 1500 ಆಗಿ, ಒಂದೊಂದು ಸಿಲಿಂಡರ್‌ಗೆ 750 ನ್ಯೂಟನ್. 0.625ರಲ್ಲಿ ಒತ್ತಡ ಸುಮಾರು 38 ಬಾರ್ (ಇದು ಒತ್ತಡದ ಅಳತೆ, ಬ್ಯಾಲೆನ್ಸ್ ಬಾರ್ ಅಲ್ಲ), 0.75ರಲ್ಲಿ 26 ಬಾರ್. ಅಷ್ಟೇ ಬ್ರೇಕ್ ಹಿಡಿಯಲು ಈಗ 43 ಕೆ.ಜಿ.ಯಷ್ಟು ಒತ್ತಬೇಕು. ಸಿಯೆರಾದಲ್ಲಿ ಪಾದದ ಬಲಕ್ಕೆ ಬಲ ಸೇರಿಸುವ ಸರ್ವೋ ಇತ್ತು. ಇಲ್ಲಿ ಕಾಲೇ ಸರ್ವೋ. ದೊಡ್ಡ ಸಿಲಿಂಡರ್ ಕಡಿಮೆ ತುಳಿತಕ್ಕೇ ಹೆಚ್ಚು ಆಯಿಲ್ ತಳ್ಳುವುದರಿಂದ ಪೆಡಲ್ ಗಟ್ಟಿ ಎನಿಸಿತು ಅಷ್ಟೆ, ಗಾಳಿ ಅಲ್ಲೇ ಇತ್ತು.

ಸಿಲಿಂಡರ್ ಬದಲಿಸಿದವರು ಪುಶ್‌ರಾಡ್‌ಗೆ (ಪೆಡಲಿನಿಂದ ಸಿಲಿಂಡರನ್ನು ಒತ್ತುವ ಕಡ್ಡಿ) ಸುಮಾರು 1 ಮಿ.ಮೀ. ಸಡಿಲ ಬಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆಯಿಲ್ ಹಿಂದಿರುಗುವ ರಂಧ್ರ ಮುಚ್ಚಿಕೊಂಡು, ಬಿಸಿಗೆ ಆಯಿಲ್ ಹಿಗ್ಗಿ, ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ.

ಕಾರು ನಿಲ್ಲುತ್ತಿಲ್ಲ ಎಂದು ಮೂರನೆಯ ತಪ್ಪು: ಮುಂದಕ್ಕೆ ಮಾತ್ರ ರೇಸಿಂಗ್ ಪ್ಯಾಡ್. ಆ ಪ್ಯಾಡ್ ಬಿಸಿಯಾದ ಮೇಲೆ ಹಿಡಿಯುವಂಥದ್ದು. 600 ಕೆ.ಜಿ. ಕಾರು ಸಿಯೆರಾದ ದೊಡ್ಡ ಡಿಸ್ಕ್ ಅನ್ನು ರಸ್ತೆಯಲ್ಲಿ ಅಷ್ಟು ಬಿಸಿ ಮಾಡುವುದೇ ಇಲ್ಲ. ತಣ್ಣಗಿದ್ದಾಗ ಮುಂದಿನ ಬ್ರೇಕ್ ಇನ್ನೂ ದುರ್ಬಲವಾಯಿತು, ಬ್ಯಾಲೆನ್ಸ್ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಇಂಥ ಕಾರಿಗೆ ರಸ್ತೆಯ ಸಾಧಾರಣ ಪ್ಯಾಡೇ ಮೇಲು.

ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಬ್ರಿಟನ್ನಿನಲ್ಲಿ ಇಂಥ ಕಾರಿಗೆ ನೋಂದಣಿಗೆ ಮುಂಚೆ ನಡೆಯುವ ಐವಿಎ ಪರೀಕ್ಷೆಗೆ ಬ್ಯಾಲೆನ್ಸ್ ಬಾರ್ ತಿರುಗದಂತೆ ಲಾಕ್ ಮಾಡಿರಬೇಕು. ಪರೀಕ್ಷೆ ಮುಗಿದ ಮೇಲೆ ಈ ಕಾರಿನಲ್ಲಿ ಆ ಲಾಕ್ ತೆಗೆದು, ಒದ್ದೆ ಅಂಗಳದಲ್ಲಿ ಮುಂದಿನ ಚಕ್ರ ಮೊದಲು ಲಾಕ್ ಆಗುತ್ತಿದೆ (ಉರುಳದೆ ಜಾರುತ್ತಿದೆ) ಎಂದು, ನಾಲ್ಕೂ ಒಟ್ಟಿಗೆ ಜಾರುವವರೆಗೆ ಬಾರ್ ಅನ್ನು ಹಿಂದಕ್ಕೆ, ಅಂದರೆ ಹಿಂದಿನ ಬ್ರೇಕ್‌ಗೆ ಹೆಚ್ಚು ಬಲ ಹೋಗುವಂತೆ, ತಿರುಗಿಸಲಾಯಿತು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಡ್ರೈವರ್ ಸೇರಿ 680 ಕೆ.ಜಿ. ಇರುವ ಕಾರು ನಿಂತಾಗ ಹಿಂದಿನ ಚಕ್ರಗಳ ಮೇಲೆ ಸುಮಾರು 350 ಕೆ.ಜಿ. ಇದೆ ಎಂದುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ., ವೀಲ್‌ಬೇಸ್ 2.25 ಮೀ. ಒದ್ದೆಯಲ್ಲಿ 0.4 ಜಿ (ಅಂದರೆ ಕಾರಿನ ತೂಕದ 0.4 ಪಟ್ಟು ಬಲದ) ಬ್ರೇಕ್ ಹಿಡಿದಾಗ ಹಿಂದೆ ಸುಮಾರು 300 ಕೆ.ಜಿ. ಉಳಿಯುತ್ತದೆ. ಒಣ ನೆಲದಲ್ಲಿ 0.9 ಜಿ ಹಿಡಿದಾಗ ಉಳಿಯುವುದು 230 ಮಾತ್ರ. ಮುನ್ನೂರಕ್ಕೆ ಹೊಂದಿಸಿದ ಹಿಂದಿನ ಬ್ರೇಕ್ ಇನ್ನೂರಮೂವತ್ತಕ್ಕೆ ವಿಪರೀತ. ಮುಂದಿನ ಚಕ್ರ ಲಾಕ್ ಆದರೆ ಕಾರು ತಿರುಗದೆ ನೇರ ಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಸುತ್ತು ಹಾಕುತ್ತದೆ.

ಆದ್ದರಿಂದ ಬ್ಯಾಲೆನ್ಸ್ ಹೊಂದಿಸುವುದು ಒಣ ನೆಲದಲ್ಲಿ, ಗಾಡಿಗಳೇ ಬಾರದ ಖಾಸಗಿ ಜಾಗದಲ್ಲಿ. ಡ್ರೈವರ್ ಒಬ್ಬರೇ, ಹಿಂದಿನ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ, ಅಂದರೆ ಹಿಂಭಾಗ ಅತಿ ಹಗುರವಾಗಿರುವ ಸ್ಥಿತಿ. ಹೊಸ ಪ್ಯಾಡ್‌ಗಳು ಡಿಸ್ಕ್‌ಗೆ ಸರಿಯಾಗಿ ಕೂರುವಂತೆ ಮೊದಲೇ ಓಡಿಸಿ ಪಳಗಿಸಿರಬೇಕು. ಬಾರ್ ಅನ್ನು ಪೂರ್ತಿ ಮುಂದಕ್ಕೆ ಇಟ್ಟು ಶುರುಮಾಡಿ, ಅರ್ಧ ಸುತ್ತಿನಷ್ಟೇ ಹಿಂದಕ್ಕೆ ತನ್ನಿ, ಪ್ರತಿ ಸಲ ವೇಗ ಸ್ವಲ್ಪ ಏರಿಸಿ. ಚಕ್ರಗಳನ್ನು ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಲಿ, ಒಳಗೆ ಕೂತವರಿಗೆ ಯಾವುದು ಮೊದಲು ನಿಂತಿತೆಂದು ತಿಳಿಯುವುದಿಲ್ಲ. ಯಾವ ವೇಗದಲ್ಲೂ ಮುಂದಿನದೇ ಮೊದಲು ಲಾಕ್ ಆಗಬೇಕು. ಒದ್ದೆಯಲ್ಲಿ ಮುಂಭಾಗ ಬೇಗ ಜಾರಿದರೆ ಜಾರಲಿ, ಬಾರ್ ಮುಟ್ಟಬೇಡಿ. ಜೋರಾಗಿ ಒತ್ತಿದಾಗ ಬಾರ್ ಪುಶ್‌ರಾಡ್‌ಗಳಿಗೆ ಲಂಬವಾಗಿ ನಿಲ್ಲಬೇಕು, ವಾಲಿದರೆ ಪುಶ್‌ರಾಡ್ ಉದ್ದ ಸರಿಮಾಡಿ. ಎರಡು ಕಡೆಯ ಕ್ಲೆವಿಸ್‌ಗೂ (ಬಾರ್‌ನ ತುದಿಗೆ ಪುಶ್‌ರಾಡ್ ಜೋಡಿಸುವ ಭಾಗ) ಬಾರ್ ಹಾಯುವ ಪೆಡಲಿನ ಕೊಳವೆಗೂ ನಡುವೆ 2–3 ಮಿ.ಮೀ. ಸಂದು ಇರಲಿ. ಇಲ್ಲದಿದ್ದರೆ ಒಂದು ಲೈನ್ ಸೋರಿದ ದಿನ ಬಾರ್ ಸಿಕ್ಕಿಕೊಂಡು ಇನ್ನೊಂದೂ ಕೆಲಸ ಮಾಡುವುದಿಲ್ಲ.

ಹೊಂದಿದ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಲಾಕ್ ನಟ್ ಬಿಗಿದು, ಪಿನ್ ಹೊಡೆದುಬಿಡಿ. ಪ್ಯಾಡ್ ಅಥವಾ ಟೈರ್ ಬದಲಿಸಿದ ದಿನ ಮಾತ್ರ ಅದನ್ನು ತೆಗೆದು, ಮತ್ತೆ ಒಣ ನೆಲದಲ್ಲಿ, ಪೂರ್ತಿ ಮುಂದಕ್ಕಿಟ್ಟೇ ಶುರುಮಾಡಿ.