ಬಿಡಿ ತುಡುವೆ, ಅಗ್‌ಮಾರ್ಕ್ ಬಾಟಲಿ, ಸಾವಯವ ಮುದ್ರೆ: ಜೇನಿಗೆ ಹೆಚ್ಚಿನ ದುಡ್ಡು ಎಲ್ಲಿ ಕೊಡಬೇಕು?

ಶಿರಸಿ ಕಡೆ ಜೇನುತುಪ್ಪ ನಾಲ್ಕು ರೂಪದಲ್ಲಿ ಸಿಗುತ್ತದೆ. ಪರಿಚಯದ ಸಾಕಣೆದಾರರ ಮನೆಯ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನುಹುಳ) ಜೇನು, ರಸ್ತೆ ಬದಿಯ ಬಕೆಟ್ಟಿನ 'ಕಾಡುಜೇನು', ಅಗ್‌ಮಾರ್ಕ್ ಇರುವ ಕಂಪನಿ ಬಾಟಲಿ, ಸಾವಯವ ಮುದ್ರೆಯ ಬಾಟಲಿ. ನಾಲ್ಕನ್ನೂ ಒಟ್ಟಿಗಿಟ್ಟು ತೇವಾಂಶ ಅಳೆದು, ಲೇಬಲ್ ಓದಿ, ಒಂದು ಮಳೆಗಾಲ ಕಪಾಟಿನಲ್ಲಿಟ್ಟು ನೋಡಿದ ಹೋಲಿಕೆ ಇದು. ಬಿಡಿ ತುಡುವೆಗೆ ಕಿಲೋಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಮುದ್ರೆಗೆಂದು ಎಷ್ಟು ಕೊಡಬಹುದು?

ಮೊದಲು ತೇವಾಂಶ, ಜನ ಮೋಸಹೋಗುವುದು ಇಲ್ಲೇ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ ಶೇ. 20. ಕಂಪನಿ ಬಾಟಲಿ ಸಲೀಸಾಗಿ ಅದರೊಳಗೆ ನಿಲ್ಲುತ್ತದೆ, ಏಕೆಂದರೆ ಕಾಯಿಸಿ ನೀರು ತೆಗೆದಿರುತ್ತಾರೆ. ನಮ್ಮ ಘಟ್ಟದ ಗಾಳಿಯಲ್ಲಿ ತುಡುವೆ ಜೇನು ಅಸಲಿಯಾಗಿಯೂ 21, 22 ತೋರಿಸುತ್ತದೆ. ಕೊಂಡಿಯಿಲ್ಲದ ಪುಟ್ಟ ಹುಳದ ಮಿಸರಿ ಜೇನಂತೂ 25 ದಾಟುವುದು ಅದರ ಸ್ವಭಾವ. ಹಾಗಾಗಿ 'ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು', 'ಬತ್ತಿ ಅದ್ದಿ ಹಚ್ಚಿದರೆ ಉರಿಯಬೇಕು' ಎನ್ನುವ ಮನೆ ಪರೀಕ್ಷೆಗಳಲ್ಲಿ ಅಸಲಿ ತುಡುವೆಯೇ ನಪಾಸಾಗಬಹುದು, ಗಟ್ಟಿ ಸಕ್ಕರೆ ಪಾಕ ಪಾಸಾಗಬಹುದು. ಆ ಪರೀಕ್ಷೆಗಳು ಅಳೆಯುವುದು ಮಂದವನ್ನು ಮಾತ್ರ. ಹರಳುಗಟ್ಟಿದರೆ ಸಕ್ಕರೆ ಬೆರಸಿದ್ದಾರೆ ಎಂಬುದೂ ಸುಳ್ಳೇ. ಗ್ಲೂಕೋಸ್ ಹೆಚ್ಚಿರುವ ಜೇನು ತಾನಾಗಿಯೇ ಹರಳುಗಟ್ಟುತ್ತದೆ.

ತೇವಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಬಳಸುವವರು ಬಾಟಲಿಯನ್ನು ಚೆನ್ನಾಗಿ ಕದಡಿ ಹನಿ ತೆಗೆಯಬೇಕು. ಮೇಲಿನ ಪದರದಲ್ಲಿ ನೀರು ಹೆಚ್ಚಿರುತ್ತದೆ, ಅದನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಹರಳಿದ್ದರೆ ಮೊದಲು 40 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿಟ್ಟು ಕರಗಿಸಿ, ತಣಿದ ಮೇಲೆ ಅಳೆಯಿರಿ.

ಮಳೆಗಾಲದಲ್ಲಿ ಮೊದಲು ಕೆಟ್ಟಿದ್ದು ಬಕೆಟ್ ಜೇನು. ಎರಿಯನ್ನು (ಗೂಡಿನ ಮೇಣದ ಹಲಗೆ) ಕೈಯಲ್ಲಿ ಹಿಂಡಿದಾಗ ಮರಿಹುಳದ ರಸ, ಪರಾಗ, ಹುಳ ಇನ್ನೂ ಮೇಣದ ಮುಚ್ಚಳ ಕಟ್ಟದ ಕಣ್ಣಿನ (ಕೋಣೆಯ) ನೀರುಜೇನು ಎಲ್ಲ ಸೇರಿಬಿಡುತ್ತದೆ. ನೊರೆ ಬಂದು, ಮುಚ್ಚಳ ತೆಗೆದಾಗ ಬುಸ್ಸೆಂದು, ಹುಳಿ ವಾಸನೆ. ಮೇಲೆ ತೇಲುವ ಎರಿ ಅಸಲಿತನಕ್ಕೆ ಸಾಕ್ಷಿಯಲ್ಲ, ಪಾಕದಲ್ಲೂ ಎರಿ ತೇಲುತ್ತದೆ. ಇದಕ್ಕೆ 600 ಬಿಡಿ, ಅದರ ಅರ್ಧವೂ ದಂಡ.

ಸಾಕಣೆದಾರರ ಜೇನು ಯಂತ್ರದಲ್ಲಿ ತೆಗೆದದ್ದಾದರೆ, ಎರಿಯ ಮುಕ್ಕಾಲು ಕಣ್ಣಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತೆಗೆದದ್ದಾದರೆ, ಮಳೆಗಾಲವನ್ನೂ ದಾಟುತ್ತದೆ. ಕೊಳ್ಳುವಾಗ ಕೇಳಬೇಕಾದ ಎರಡು ಪ್ರಶ್ನೆ ಇವೇ. ಜೊತೆಗೆ ಇನ್ನೊಂದು: ಹೂವಿಲ್ಲದ ಮಳೆಗಾಲದಲ್ಲಿ ಪೆಟ್ಟಿಗೆಗೆ ಕೊಟ್ಟ ಸಕ್ಕರೆ ನೀರು ಯಾವಾಗ ನಿಲ್ಲಿಸಿದಿರಿ? ಕೊಯ್ಲಿನ ತನಕ ಕೊಟ್ಟಿದ್ದರೆ ಅದೂ ಎರಿಯೊಳಗೇ ಇರುತ್ತದೆ.

ಇನ್ನು ಮುದ್ರೆಗಳು. 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಪರವಾನಗಿ ಅಥವಾ ನೋಂದಣಿಯದು. 1ರಿಂದ ಶುರುವಾದರೆ ಪರವಾನಗಿ, 2ರಿಂದಾದರೆ ನೋಂದಣಿ. ಆ ಬಾಟಲಿ ಪರೀಕ್ಷೆಯಾಗಿದೆ ಎಂದು ಅದು ಹೇಳುವುದಿಲ್ಲ, ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಅಗ್‌ಮಾರ್ಕ್ 1937ರ ಕಾಯ್ದೆಯ ಗುಣಮಟ್ಟದ ದರ್ಜೆ; ಜೇನಿಗೆ ಅದು ಐಚ್ಛಿಕ, ಮಾಲು ಪರೀಕ್ಷಿಸಿಯೇ ದರ್ಜೆ ಹಾಕಬೇಕು. ಕಿಲೋಗೆ 50–60 ಹೆಚ್ಚು ಕೊಡಬಹುದು. ಸಾವಯವ ಮುದ್ರೆ ಹೇಳುವುದು ಬೆಳೆದ, ಸಾಕಿದ ರೀತಿಯನ್ನು. ಸಾವಯವದ ಎರಡು ಸರ್ಕಾರಿ ಪದ್ಧತಿಗಳಲ್ಲಿ ಎನ್‌ಪಿಒಪಿಯಲ್ಲಿ ಹೊರಗಿನ ಸಂಸ್ಥೆ ತಪಾಸಣೆ ಮಾಡುತ್ತದೆ; ಪಿಜಿಎಸ್‌ನಲ್ಲಿ ರೈತರ ಗುಂಪಿನವರೇ ಒಬ್ಬರ ತೋಟ ಇನ್ನೊಬ್ಬರು ನೋಡುತ್ತಾರೆ, 'ಪಿಜಿಎಸ್ ಗ್ರೀನ್' ಎಂದಿದ್ದರೆ ಇನ್ನೂ ಪರಿವರ್ತನೆಯ ಹಂತ. ಅಡಿಕೆಗೆ, ಭತ್ತಕ್ಕೆ ಇದು ಸರಿಯೇ. ಆದರೆ ಜೇನುಹುಳ ಬೇಲಿ ನೋಡಿ ಹಾರುವುದಿಲ್ಲ. ಪಕ್ಕದ ತೋಟದಲ್ಲಿ ಏನು ಹೊಡೆದಿದ್ದಾರೋ ಅದರ ಹೂವಿಗೂ ಹೋಗುತ್ತದೆ. ಸಾವಯವ ಬಾಟಲಿಗೆ ಎರಡು ಪಟ್ಟು ಕೊಡುವುದು ಅಷ್ಟೇನೂ ಜಾಣತನವಲ್ಲ.

ಬೆರಕೆಯ ಭಯಕ್ಕೆ ಔಷಧಿ ಪ್ರಯೋಗಾಲಯದ ವರದಿ. ಕಬ್ಬು, ಮೆಕ್ಕೆಜೋಳದ ಸಕ್ಕರೆ, ಆ ಬಗೆಯ ಗಿಡಗಳ ಸಕ್ಕರೆಯನ್ನು ಗುರುತಿಸುವ ಸಿ4 ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಕ್ಕಿಯಿಂದ ಮಾಡಿದ ಪಾಕ ಅದನ್ನು ತಪ್ಪಿಸಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಪರಿಸರ ಸಂಶೋಧನಾ ಸಂಸ್ಥೆ ಸಿಎಸ್‌ಇ 13 ಬ್ರಾಂಡ್ ಪರೀಕ್ಷಿಸಿದಾಗ ಹೆಚ್ಚಿನವು ಎಡವಿದ್ದು ಜೇನಿನೊಳಗಿನ ಅಣುಗಳ ಗುರುತು ಓದುವ ಎನ್‌ಎಂಆರ್ ಪರೀಕ್ಷೆಯಲ್ಲಿ. ಆ ಪರೀಕ್ಷೆ ಅದೇ ವರ್ಷ ರಫ್ತಿಗೆ ಕಡ್ಡಾಯವಾಗಿತ್ತು, ನಮ್ಮ ಅಂಗಡಿಗೆ ಬರುವ ಬಾಟಲಿಗೆ ಅಲ್ಲ.

ವರದಿಯಲ್ಲಿ ನೋಡಬೇಕಾದದ್ದು: ಸುಕ್ರೋಸ್ ಶೇ. 5ರೊಳಗೆ (ಘಟ್ಟದ ಕಾರ್ವಿ ಪೊದೆಯ ಹೂವಿನ ಜೇನಿಗೆ 10ರ ತನಕ ರಿಯಾಯಿತಿ), ಕಾಯಿಸಿದಾಗ ಸಕ್ಕರೆಯಿಂದ ಹುಟ್ಟುವ ಎಚ್‌ಎಂಎಫ್ ಎಂಬ ವಸ್ತು ಕಿಲೋಗೆ 80 ಮಿ.ಗ್ರಾಂ ಒಳಗೆ, ಸಿ4 ಸಕ್ಕರೆ ಶೇ. 7ರೊಳಗೆ. ಎಚ್‌ಎಂಎಫ್ ಏರಿದ್ದರೆ ಜೇನು ಜೋರಾಗಿ ಕಾದಿದೆ ಅಥವಾ ಬಿಸಿಲಲ್ಲಿ ಹಳತಾಗಿದೆ. ಕಾರವಾರದ ಏಪ್ರಿಲ್ ಸೆಕೆಗೆ ಕಿಟಕಿ ಬದಿ ಇಟ್ಟ ಬಾಟಲಿಯಲ್ಲೂ ಏರುತ್ತದೆ. ಮುಖ್ಯವಾಗಿ ವರದಿಯ ಬ್ಯಾಚ್ ಸಂಖ್ಯೆ ಬಾಟಲಿಯ ಮೇಲಿನದಕ್ಕೆ ಹೊಂದಬೇಕು. ಎರಡು ವರ್ಷ ಹಿಂದಿನ ವರದಿಯನ್ನು ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದ್ದರೆ ಅದು ಅಲಂಕಾರ. ಬ್ಯಾಚ್ ಹೊಂದುವ ವರದಿ ಇದ್ದರೆ 600ರ ಮೇಲೆ 150 ಕೊಟ್ಟರೂ ನಷ್ಟವಿಲ್ಲ.

ಇಷ್ಟಾದರೂ ವರ್ಷ ತುಂಬದ ಮಗುವಿಗೆ ಈ ನಾಲ್ಕರಲ್ಲಿ ಯಾವುದನ್ನೂ ನೆಕ್ಕಿಸುವ ಹಾಗಿಲ್ಲ. ಬೊಟುಲಿಸಂ ರೋಗಾಣುವಿನ ಬೀಜಕಣ ಅತಿ ಶುದ್ಧ ಜೇನಿನಲ್ಲೂ ಇರಬಹುದು, ಅದು ಯಾವ ಮುದ್ರೆಗೂ ಬಗ್ಗುವುದಿಲ್ಲ.